ಮನೆಯೋ ಮ್ಯೂಸಿಯಮ್ಮೋ? ಗೋವಾದ ಹಳೇ ಬಂಗಲೆ ನೋಡಲು ಹೋಗುವ ಮುನ್ನ

ಚಾಂದೋರ್‌ನ ದೊಡ್ಡ ಮನೆಯ ಹಜಾರದಲ್ಲಿ ನಿಂತಿದ್ದೆವು. ತಲೆಯ ಮೇಲೆ ಗಾಜಿನ ಗೊಂಚಲು ದೀಪ, ಕಾಲಡಿ ಅಮೃತಶಿಲೆ. ಹುಬ್ಬಳ್ಳಿಯಿಂದ ಬಂದಿದ್ದ ಕಾಕು ಸೆರಗು ಸರಿ ಮಾಡಿಕೊಂಡು, ದೇವಸ್ಥಾನದೊಳಗೆ ನಡೆದ ಹಾಗೆ ಮೆಲ್ಲಗೆ ನಡೆಯುತ್ತಿದ್ದರು. ಅಷ್ಟರಲ್ಲಿ ಒಳಗೆಲ್ಲೋ ಕುಕ್ಕರ್ ಸೀಟಿ ಹೊಡೆಯಿತು. ಒಂದು, ಎರಡು, ಮೂರು. ಕಾಕಾ ನನ್ನ ಕಡೆ ತಿರುಗಿ, "ಏನೋ ತಮ್ಮಾ, ಇದು ಮನೀನೋ ಮ್ಯೂಸಿಯಮ್ಮೋ?" ಅಂದರು.

ಎರಡೂ ಹೌದು. ಈ ಬಂಗಲೆಗಳ ಗಮ್ಮತ್ತೂ ಅದೇ, ಗೊಂದಲವೂ ಅದೇ.

ಮಡಗಾಂವ್‌ನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥ ಕನ್ನಡದವರಿಗೆ ಮಳೆಗಾಲ ಮುಗಿಯುತ್ತಿದ್ದಂತೆ ನೆಂಟರ ಕಾಲ ಶುರು. ಮೊದಲ ದಿನ ಬೀಚು. ಎರಡನೇ ದಿನ ಹಳೇ ಗೋವಾದ ಇಗರ್ಜಿ (ಅಂದರೆ ಚರ್ಚು), ಮಂಗೇಶಿ ದೇವಸ್ಥಾನ. ಮೂರನೇ ದಿನ "ಬೇರೆ ಏನಾದರೂ ಇದೆಯಾ?" ಅನ್ನುವ ಪ್ರಶ್ನೆ. ಈಗೀಗ ಅದಕ್ಕೆ ಉತ್ತರ ಈ ಬಂಗಲೆಗಳು. ಫೋನಿನಲ್ಲಿ ಫೋಟೋ ನೋಡಿಕೊಂಡೇ ಬರುವವರು ಜಾಸ್ತಿ ಆಗಿದ್ದಾರೆ. ಆದರೆ ಒಳಗೆ ಹೋದವರು ಅರ್ಧ ಗಂಟೆಯಲ್ಲಿ "ಕುರ್ಚಿ ನೋಡಿದೆವು, ಪಿಂಗಾಣಿ ನೋಡಿದೆವು, ಆಯ್ತು" ಅಂತ ಹೊರಗೆ ಬರುತ್ತಾರೆ. ಅವರ ತಪ್ಪೇನಿಲ್ಲ. ಅಲ್ಲಿ ವಿವರ ಬರೆದ ಬೋರ್ಡು ಇರುವುದಿಲ್ಲ. ಇದ್ದರೂ ಕಡಿಮೆ. ಮನೆಯನ್ನೇ ಓದಿಕೊಳ್ಳಬೇಕು.

ಮೂರು ತರಹದ ಮನೆ-ಮ್ಯೂಸಿಯಂ

ಸಾಮಾನ್ಯ ಮ್ಯೂಸಿಯಮ್ಮಿಗೆ ವಸ್ತುಗಳನ್ನು ಬೇರೆ ಬೇರೆ ಕಡೆಯಿಂದ ತಂದು ಇಡುತ್ತಾರೆ. ಮನೆ-ಮ್ಯೂಸಿಯಮ್ಮಿನಲ್ಲಿ ಮನೆಯೇ ಮುಖ್ಯ ವಸ್ತು. ಮಂಚ, ಕನ್ನಡಿ, ತಟ್ಟೆ ಎಲ್ಲ ಇದ್ದ ಜಾಗದಲ್ಲೇ ಇರುತ್ತವೆ.

ಇವುಗಳಲ್ಲಿ ಒಂದು ತರಹದವು ಸರ್ಕಾರದ ಕೈಯಲ್ಲಿವೆ. ಪುಣೆಯ ಆಗಾ ಖಾನ್ ಅರಮನೆ ಹಾಗೆ. 1892ರಲ್ಲಿ ಕಟ್ಟಿದ್ದು. 1942ರಿಂದ 1944ರವರೆಗೆ ಗಾಂಧೀಜಿಯನ್ನು ಸೆರೆಯಲ್ಲಿಟ್ಟ ಜಾಗ. ಕಸ್ತೂರಬಾ ಮತ್ತು ಮಹಾದೇವ ದೇಸಾಯಿ ತೀರಿಕೊಂಡದ್ದೂ ಅಲ್ಲೇ. ಟಿಕೆಟ್ಟು, ಸಮಯ, ಕಾವಲುಗಾರ ಎಲ್ಲ ಉಂಟು. ಎರಡನೆಯವು ಟ್ರಸ್ಟಿನ ಕೈಯಲ್ಲಿವೆ. ಮುಂಬೈಯ ಮಣಿ ಭವನ ಅಂಥದ್ದು. ಈ ಎರಡರಲ್ಲೂ ಈಗ ಯಾರೂ ಸಂಸಾರ ಮಾಡಿಕೊಂಡಿಲ್ಲ.

ಗೋವಾದ ಹೆಚ್ಚಿನ ಬಂಗಲೆಗಳು ಮೂರನೇ ತರಹದವು. ಕಟ್ಟಿಸಿದವರ ವಂಶದವರೋ, ಆಮೇಲೆ ಕೊಂಡುಕೊಂಡವರೋ ಅಲ್ಲೇ ವಾಸ ಇದ್ದಾರೆ. ಮುಂಭಾಗದ ನಾಲ್ಕಾರು ಕೋಣೆ ತೆರೆದು ತೋರಿಸುತ್ತಾರೆ, ಹಿಂಭಾಗದಲ್ಲಿ ಬದುಕುತ್ತಾರೆ. ಬಾಗಿಲು ತೆರೆಯುವವರು ಮನೆಯವರೇ. ನಮ್ಮ ಕಾಕಾ ಕೇಳಿದ ಸೀಟಿ ಅವರ ಮಧ್ಯಾಹ್ನದ ಊಟದ್ದು.

ಕಟ್ಟಿಸಿದವರು ಯಾರು?

"ಪೋರ್ಚುಗೀಸರ ಬಂಗಲೆ" ಅಂತ ಎಲ್ಲರೂ ಅನ್ನುತ್ತಾರೆ. ಮಾತು ಪೂರ್ತಿ ಸರಿಯಲ್ಲ. ಇವುಗಳಲ್ಲಿ ಬಹುಪಾಲು ಕಟ್ಟಿಸಿದವರು ಗೋವಾದವರೇ, ಕೊಂಕಣಿ ಮಾತಾಡುವ ಇಲ್ಲಿನ ಕ್ರೈಸ್ತ ಜಮೀನ್ದಾರರು. ಕೊಂಕಣಿಯಲ್ಲಿ ಜಮೀನ್ದಾರನಿಗೆ ಭಾಟ್ಕಾರ ಅನ್ನುತ್ತಾರೆ. ಈ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸ್ವಲ್ಪ ಇತಿಹಾಸ ಬೇಕು, ಚುಟುಕಾಗಿ ಹೇಳುತ್ತೇನೆ. ಪೋರ್ಚುಗೀಸರು ಪಣಜಿ ಸುತ್ತಲಿನ ತಿಸವಾಡಿಯನ್ನು 1510ರಲ್ಲಿ, ಅದರ ಉತ್ತರದ ಬಾರ್ದೇಶ ಮತ್ತು ಮಡಗಾಂವ್ ಇರುವ ಸಾಷ್ಟಿಯನ್ನು 1543ರಲ್ಲಿ ಹಿಡಿದರು. ಇದು "ಹಳೇ ಗೆಲುವಿನ" ಗೋವಾ. ಫೋಂಡಾ, ಕೇಪೆ, ಪೆಡ್ಣೆಯಂಥ ಸುತ್ತಲಿನ ಭಾಗ ಅವರ ಕೈಗೆ ಬಂದದ್ದು ಇನ್ನೂರು ವರ್ಷಕ್ಕೂ ಹೆಚ್ಚು ತಡವಾಗಿ, 18ನೇ ಶತಮಾನದ ಕೊನೆಯ ಹೊತ್ತಿಗೆ. ಅದು "ಹೊಸ ಗೆಲುವಿನ" ಗೋವಾ. ಹಳೇ ಭಾಗದಲ್ಲಿ ದೇವಸ್ಥಾನಗಳು ಬಿದ್ದವು, ಅನೇಕ ದೇವರುಗಳು ಹೊಳೆ ದಾಟಿ ಫೋಂಡಾ ಕಡೆ ಹೋದವು, ಜನ ಮತ ಬದಲಿಸಿದರು. ಆದರೆ ಮತ ಬದಲಿಸಿದ ಮೇಲ್ವರ್ಗದ ಕುಟುಂಬಗಳ ಕೈಯಲ್ಲಿ ಜಮೀನು ಉಳಿಯಿತು. ಜಾತಿಯೂ ಪೂರ್ತಿ ಹೋಗಲಿಲ್ಲ ಅನ್ನಿ. ಗದ್ದೆ, ತೆಂಗಿನ ತೋಟದ ಆದಾಯ ಅವರಿಗೇ ಬರುತ್ತಿತ್ತು. 1761ರಲ್ಲಿ ಲಿಸ್ಬನ್ನಿನಿಂದ ಒಂದು ಆಜ್ಞೆ ಬಂತು. ಇಲ್ಲಿನ ಕ್ರೈಸ್ತರೂ ಪೋರ್ಚುಗಲ್ಲಿನ ಪ್ರಜೆಗಳಿಗೆ ಸಮ ಅಂತ. ಸರ್ಕಾರಿ ಹುದ್ದೆ, ವಕೀಲಿಕೆ, 1842ರಿಂದ ಪಣಜಿಯ ವೈದ್ಯಕೀಯ ಶಾಲೆ. ಮಕ್ಕಳು ಓದಿದರು, ಆಫ್ರಿಕಾದ ವಸಾಹತುಗಳಿಗೂ ನೌಕರಿಗೆ ಹೋದರು. ಹಣ ಬಂತು. ಹಣ ಬಂದವರು ನಮ್ಮೂರಲ್ಲಿ ಮಾಡುವುದನ್ನೇ ಅವರೂ ಮಾಡಿದರು, ಊರಿಗೆ ಕಾಣುವ ಹಾಗೆ ಮನೆ ಕಟ್ಟಿಸಿದರು.

ಹಾಗಾಗಿ ಈ ಮನೆಗಳ ಮೈ ಒಂದು ಕಡೆಯದು, ಬಟ್ಟೆ ಇನ್ನೊಂದು ಕಡೆಯದು. ಕಲ್ಲು, ಮರ, ಹೆಂಚು, ಕೆಲಸದವರು ಎಲ್ಲ ಇಲ್ಲಿನವು. ಕಿಟಕಿಯ ಕಮಾನು, ನೃತ್ಯದ ಹಜಾರ, ಗೊಂಚಲು ದೀಪ ಯುರೋಪಿನವು.

ಚಾಂದೋರ್‌ಗೆ ಹೋದರೆ ಕನ್ನಡಿಗರಿಗೆ ಇನ್ನೊಂದು ವಿಷಯ ಇದೆ. ಆ ಊರಿನ ಹಳೇ ಹೆಸರು ಚಂದ್ರಪುರ. ಗೋವಾದ ಕದಂಬರ ಮೊದಲ ರಾಜಧಾನಿ. ಆಮೇಲೆ ಅವರು ರಾಜಧಾನಿಯನ್ನು ಗೋಪಕಪಟ್ಟಣಕ್ಕೆ ಸಾಗಿಸಿದರು. ಊರಲ್ಲಿ ಈಗಲೂ ತಲೆಯಿಲ್ಲದ ಒಂದು ನಂದಿ ಇದೆ, ಹಳೇ ಶಿವಾಲಯದ್ದು. ಗೋವಾ ಸರ್ಕಾರದ ಬಸ್ಸಿನ ಮೇಲೆ "ಕದಂಬ" ಅಂತ ಬರೆದಿರುವುದನ್ನು ನೋಡಿ "ನಮ್ಮ ಬಸ್ಸು" ಅಂದುಕೊಂಡವರು ಎಷ್ಟು ಜನವೋ! ಅದರ ಮೂಲವೂ ಇದೇ ವಂಶ.

ಹೊರಗಿನಿಂದ ಓದುವುದು: ಜಗಲಿ, ಕಲ್ಲು, ಕಿಟಕಿ, ಹೆಂಚು

ಗೇಟಿನಲ್ಲಿ ಐದು ನಿಮಿಷ ನಿಲ್ಲಿ, ಕೂಡಲೇ ಒಳಗೆ ಹೋಗಬೇಡಿ. ನನ್ನ ಮಟ್ಟಿಗೆ ಅರ್ಧ ಕತೆ ಹೊರಗೇ ಇದೆ.

ಮೊದಲು ಕಾಣುವುದು ಬಾಲ್ಕಾವ್. ಮೆಟ್ಟಿಲು ಹತ್ತಿದ ಕೂಡಲೇ ಕಂಬಗಳ ಮೇಲೆ ಮಾಡು ಹೊದ್ದ ಒಂದು ಕಟ್ಟೆ. ಎರಡೂ ಕಡೆ ಕೂರಲು ಕಲ್ಲಿನ ಆಸನ, ಅದಕ್ಕೆ ಸೊಪೊ ಅನ್ನುತ್ತಾರೆ. ನಮ್ಮ ಊರ ಮನೆಯ ಜಗಲಿಕಟ್ಟೆಯನ್ನು ನೆನಪು ಮಾಡಿಕೊಳ್ಳಿ, ಅಷ್ಟೇ. ಸಂಜೆ ಅಲ್ಲಿ ಕೂತು ದಾರಿ ನೋಡುವುದು, ಹೋಗಿ ಬರುವವರನ್ನು ಮಾತಾಡಿಸುವುದು.

ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಗೋವಾದ ಹಳೇ ಹಿಂದೂ ಮನೆಗಳು ಒಳಮುಖ. ನಡುವೆ ರಾಜಾಂಗಣ ಅನ್ನುವ ತೆರೆದ ಅಂಗಳ, ಅದರಲ್ಲಿ ತುಳಸಿಕಟ್ಟೆ, ಸುತ್ತ ಕೋಣೆಗಳು. ನಮ್ಮ ತೊಟ್ಟಿಮನೆಯ ಹಾಗೆ. ಹೊರಗಿನವರಿಗೆ ಗೋಡೆ ಮಾತ್ರ ಕಾಣುತ್ತದೆ. ಪೆಡ್ಣೆಯ ದೇಶಪ್ರಭು ಮನೆತನದ ವಾಡೆ ನೋಡಿದವರಿಗೆ ಗೊತ್ತು. ಕ್ರೈಸ್ತರ ಬಂಗಲೆ ಹೊರಮುಖ. ಸಾಲು ಸಾಲು ಕಿಟಕಿ ಬೀದಿಗೆ ತೆರೆದಿರುತ್ತದೆ. ಬಾಲ್ಕಾವ್‌ನಲ್ಲಿ ಮನೆಯ ಹೆಂಗಸರೂ ಕೂರುತ್ತಿದ್ದರು, ನೃತ್ಯಕ್ಕೆ ಅತಿಥಿಗಳು ಬರುತ್ತಿದ್ದರು. ಬದುಕುವ ರೀತಿ ಬದಲಾದಾಗ ಮನೆ ತನ್ನ ಮುಖವನ್ನು ಅಂಗಳದಿಂದ ಬೀದಿಗೆ ತಿರುಗಿಸಿತು. ವಿಶೇಷ ಏನೆಂದರೆ, ಕೆಲವು ದೊಡ್ಡ ಕ್ರೈಸ್ತ ಮನೆಗಳ ಹೊಟ್ಟೆಯಲ್ಲಿ ಹಳೇ ಅಂಗಳ ಹಾಗೇ ಉಳಿದಿದೆ. ಮುಂದೆ ಯುರೋಪು, ನಡುವೆ ಊರು.

ಇನ್ನು ಗೋಡೆ. ಒಂದು ಕಡೆ ಗಾರೆ ಉದುರಿರುತ್ತದೆ, ಅಲ್ಲಿ ನೋಡಿ. ಕೆಂಪಗೆ, ತೂತು ತೂತಾದ ಕಲ್ಲು ಕಾಣುತ್ತದೆ. ಅದೇ ಜಂಬಿಟ್ಟಿಗೆ. ಕರಾವಳಿಯವರು ಮುರಕಲ್ಲು ಅನ್ನುತ್ತಾರೆ. ನೆಲದೊಳಗೆ ಇರುವಾಗ ಮೆತ್ತಗೆ, ಕತ್ತರಿಸಿ ತೆಗೆದು ಗಾಳಿಗೆ ಇಟ್ಟರೆ ಗಟ್ಟಿ. ಕಬ್ಬಿಣದ ಅಂಶ ಜಾಸ್ತಿ ಇರುವುದರಿಂದ ಆ ಬಣ್ಣ. ಇದರ ಇಂಗ್ಲಿಷ್ ಹೆಸರು ಲ್ಯಾಟರೈಟ್. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ "ಲೇಟರ್" ಅನ್ನುತ್ತಾರೆ. 1807ರಲ್ಲಿ ಬುಕಾನನ್ ಅನ್ನುವ ಬ್ರಿಟಿಷ್ ಅಧಿಕಾರಿ ಮಲಬಾರಿನಲ್ಲಿ ಈ ಕಲ್ಲು ಕತ್ತರಿಸುವುದನ್ನು ನೋಡಿದ್ದನ್ನು ಬರೆಯುವಾಗ ಈ ಹೆಸರು ಕೊಟ್ಟ. ನಮ್ಮವರು ಜಂಬಿಟ್ಟಿಗೆ ಅಂದದ್ದೂ ಇಟ್ಟಿಗೆ ಅಂತಲೇ ಅಲ್ವಾ?

ಈ ಕಲ್ಲಿನ ಮೇಲೆ ಸುಣ್ಣದ ಗಾರೆಯೇ ಯಾಕೆ, ಸಿಮೆಂಟ್ ಯಾಕಲ್ಲ? ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಕುಡಿದ ನೀರು ಬಿಸಿಲು ಬಂದಾಗ ಆವಿಯಾಗಿ ಹೊರಗೆ ಹೋಗಬೇಕು. ಸುಣ್ಣ ಅದಕ್ಕೆ ದಾರಿ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಬಿಸಿ ಚಪಾತಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರೆ ಚೆನ್ನಾಗಿರುತ್ತದೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೆವರಿ ಹಸಿಯಾಗುತ್ತದೆ. ಹಳೇ ಗೋಡೆಗೆ ಸಿಮೆಂಟ್ ಬಳಿದರೆ ಆಗುವುದೂ ಅದೇ. ಒಳಗಿನ ತೇವ ಒಳಗೇ ಉಳಿದು ಗೋಡೆ ಉಬ್ಬುತ್ತದೆ, ಬಣ್ಣ ಎದ್ದು ಬರುತ್ತದೆ. ಗೊತ್ತಿಲ್ಲದೆ ಸಿಮೆಂಟ್ ಬಳಿದು ಆಮೇಲೆ ಪಶ್ಚಾತ್ತಾಪ ಪಟ್ಟ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅಂದ ಹಾಗೆ, ಇಂಥ ರಿಪೇರಿ ನಡೆಯುವ ಕಡೆ ಅಟ್ಟಣಿಗೆಯ ಮೇಲಿಂದ ಬಾಗಲಕೋಟೆ, ವಿಜಯಪುರದ ಕನ್ನಡ ಕೇಳಿಸುತ್ತಿರುತ್ತದೆ.

ಕಿಟಕಿ ಬಂತು. ಹಳೇ ಕಿಟಕಿಗಳಲ್ಲಿ ಗಾಜು ಇಲ್ಲ. ಅಂಗೈಯಗಲಕ್ಕಿಂತ ಚಿಕ್ಕ, ಹಾಲಿನ ಬಣ್ಣದ ಚೌಕಗಳನ್ನು ಮರದ ಪಟ್ಟಿಗಳ ನಡುವೆ ಸಿಕ್ಕಿಸಿರುತ್ತಾರೆ. ಅದು ಒಂದು ಜಾತಿಯ ಕಪ್ಪೆಚಿಪ್ಪು. ತೆಳ್ಳಗೆ, ಚಪ್ಪಟೆ, ಅರೆಪಾರದರ್ಶಕ. ಆಗ ಗಾಜು ಹಡಗಿನಲ್ಲಿ ಬರಬೇಕಿತ್ತು, ದುಬಾರಿ. ಚಿಪ್ಪು ಕೊಲ್ಲಿಯ ಕೆಸರಿನಲ್ಲೇ ಸಿಗುತ್ತಿತ್ತು. ಅಂಚು ಕತ್ತರಿಸಿ ಚೌಕ ಮಾಡಿದರೆ ಆಯಿತು. ಅದರ ಮೂಲಕ ಬರುವ ಬೆಳಕು ಎಣ್ಣೆಕಾಗದದ ಹಿಂದಿನಿಂದ ಬಂದ ಹಾಗೆ ಮೆದು. ಬಿಸಿಲಿನ ಚುರುಕು ಒಳಗೆ ಬರುವುದಿಲ್ಲ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಇದೇ ಚಿಪ್ಪು ವಾಸ್ಕೋ ಪಕ್ಕದ ಚಿಕಾಲಿಂ ಕೊಲ್ಲಿಯಲ್ಲಿ ಈಗಲೂ ಇದೆ. ಆದರೆ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಜೀವಿ. ಹಾಗಾಗಿ ಒಡೆದ ಒಂದು ಚೌಕಕ್ಕೆ ಬದಲಿ ತರುವುದು ಸುಲಭವಲ್ಲ. ಮುಟ್ಟಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ.

ಮಾಡಿನ ಮೇಲೆ ಕಣ್ಣು ಹಾಯಿಸಿ. ಹಳೇ ಕಾಲದ ಅರ್ಧ ಕೊಳವೆಯಂಥ ನಾಡಹೆಂಚು ಇದೆಯೋ, ಚಪ್ಪಟೆಯಾಗಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಮಂಗಳೂರು ಹೆಂಚು ಇದೆಯೋ? ಮಂಗಳೂರು ಹೆಂಚಾದರೆ ಆ ಹೊದಿಕೆ 1865ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಯಾಕೆಂದರೆ ಬಾಸೆಲ್ ಮಿಷನ್ನಿನವರು ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ ಆ ವರ್ಷ. "ನಾನೂರು ವರ್ಷದ ಮನೆ" ಅಂತ ಹೇಳಿದರೂ ಮಾಡು ಅಷ್ಟು ಹಳೆಯದಲ್ಲ ಅಂತ ನೀವೇ ಪತ್ತೆ ಮಾಡಬಹುದು. ಇದು ಸುಳ್ಳಲ್ಲ, ದೊಡ್ಡ ಮನೆಗಳು ಹಾಗೇ ಬೆಳೆಯುತ್ತವೆ. ಅಜ್ಜ ಹಾಕಿದ ಪಾಯ, ಮೊಮ್ಮಗ ಹೊದಿಸಿದ ಹೆಂಚು.

ಬಣ್ಣದ ಬಗ್ಗೆ ಒಂದು ಮಾತು ಎಲ್ಲ ಗೈಡುಗಳೂ ಹೇಳುತ್ತಾರೆ: ಪೂರ್ತಿ ಬಿಳಿ ಇಗರ್ಜಿಗೆ ಮಾತ್ರ, ಮನೆಗಳಿಗೆ ನೀಲಿ, ಹಳದಿ, ಕಾವಿ. ಪಣಜಿಯ ಫೋಂತೈನ್ಹಾಸ್ ಬೀದಿಗಳಲ್ಲಿ ನಡೆದರೆ ಆ ಮಾತು ನಂಬುವ ಹಾಗೇ ಇದೆ.

ಒಳಗೆ: ಹಜಾರ, ಪ್ರಾರ್ಥನೆಯ ಕೋಣೆ, ಪಿಂಗಾಣಿ

ಮನೆಯ ಅತಿ ದೊಡ್ಡ ಕೋಣೆಗೆ ಸಾಲಾ ಅನ್ನುತ್ತಾರೆ. ಮದುವೆ, ನೃತ್ಯ, ಹಬ್ಬ ಎಲ್ಲ ಅಲ್ಲಿ. ಎರಡು ಅಂತಸ್ತಿನ ಮನೆಯಾದರೆ ಸಾಲಾ ಮೇಲಿನದರಲ್ಲಿ ಇರುತ್ತದೆ. ಕೆಳಗಿನ ಅಂತಸ್ತು ಭತ್ತ, ತೆಂಗಿನಕಾಯಿ, ಆಳುಗಳಿಗೆ. ತೇವ ನೆಲಕ್ಕೆ ಹತ್ತಿರ ಇರುತ್ತದೆ, ಗಾಳಿ ಮೇಲೆ ಇರುತ್ತದೆ, ಅದೂ ಒಂದು ಕಾರಣ.

ಚಾಂದೋರ್‌ನ ಮನೆ ಈಗ ಎರಡು ಭಾಗವಾಗಿದೆ. ಒಂದೇ ಮುಖ, ಒಂದೇ ಬಾಗಿಲು, ಒಳಗೆ ಬಲಕ್ಕೊಂದು ಸಂಸಾರ, ಎಡಕ್ಕೊಂದು ಸಂಸಾರ. ಪೂರ್ವ ಭಾಗ ಬ್ರಗಾಂಸಾ ಪೆರೇರಾ ಅವರದು, ಪಶ್ಚಿಮ ಭಾಗ ಮೆನೆಜೆಸ್ ಬ್ರಗಾಂಸಾ ಅವರದು. ಪೂರ್ವದ ಸಾಲಾದಲ್ಲಿ ಎತ್ತರ ಬೆನ್ನಿನ ಎರಡು ಕುರ್ಚಿ ಇವೆ, ಪೋರ್ಚುಗಲ್ಲಿನ ದೊರೆ ಡೊಮ್ ಲೂಯಿಸ್ ಕೊಟ್ಟದ್ದು. ಅದೇ ಭಾಗದ ಪ್ರಾರ್ಥನೆಯ ಕೋಣೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಉಗುರನ್ನು ಇಟ್ಟು ಪೂಜಿಸುತ್ತಾರೆ.

ಪಶ್ಚಿಮ ಭಾಗದಲ್ಲಿ ನನಗೆ ಇಷ್ಟವಾಗುವುದು ಪುಸ್ತಕದ ಕೋಣೆ. ಅದು ಲೂಯಿಸ್ ದೆ ಮೆನೆಜೆಸ್ ಬ್ರಗಾಂಸಾ ಅವರ ಮನೆ. 1878ರಲ್ಲಿ ಹುಟ್ಟಿದವರು, 1938ರಲ್ಲಿ ತೀರಿಕೊಂಡರು. 1900ರಲ್ಲಿ ಗೋವಾದ ಮೊದಲ ಪೋರ್ಚುಗೀಸ್ ದಿನಪತ್ರಿಕೆ ಶುರು ಮಾಡಿದವರಲ್ಲಿ ಒಬ್ಬರು. 1930ರಲ್ಲಿ ಲಿಸ್ಬನ್ ಸರ್ಕಾರ ವಸಾಹತುಗಳನ್ನು ಇನ್ನಷ್ಟು ಬಿಗಿ ಮಾಡುವ ಕಾನೂನು ತಂದಾಗ, ಗೋವಾದ ಶಾಸನ ಸಭೆಯಲ್ಲೇ ಎದ್ದು ನಿಂತು ನಮ್ಮ ಭವಿಷ್ಯ ನಾವೇ ತೀರ್ಮಾನಿಸುವ ಹಕ್ಕು ನಮಗಿದೆ ಅಂತ ನಿರ್ಣಯ ಮಂಡಿಸಿದರು. ಗೊಂಚಲು ದೀಪದ ಕೆಳಗೆ ಬೆಳೆದವರೊಬ್ಬರು ದೊರೆತನದ ವಿರುದ್ಧ ಮಾತಾಡಿದರು. ಗೋವಾ ರಾಷ್ಟ್ರೀಯತೆಯ ಪಿತಾಮಹ ಅನ್ನಿಸಿಕೊಂಡ ತ್ರಿಸ್ತಾಂವ್ ಬ್ರಗಾಂಸಾ ಕುನ್ಹಾ ಹುಟ್ಟಿದ್ದೂ ಚಾಂದೋರ್‌ನಲ್ಲೇ, 1891ರಲ್ಲಿ. ಪಣಜಿಯಲ್ಲಿ ಮೆನೆಜೆಸ್ ಬ್ರಗಾಂಸಾ ಹೆಸರಿನ ಸಂಸ್ಥೆ ಇದೆ. ಅದರ ಬಾಗಿಲ ಬಳಿ ನೀಲಿ ಬಣ್ಣದ ಹೆಂಚಿನ ಚಿತ್ರಗಳು, 1935ರವು. ಈ ಹೊಳಪಿನ ಚಿತ್ರದ ಹೆಂಚಿಗೆ ಅಝುಲೆಜು ಅನ್ನುತ್ತಾರೆ. ಗೋವಾದಲ್ಲಿ ಮನೆಯ ಹೆಸರು, ನಂಬರು ಬರೆದ ಚಿಕ್ಕ ಹೆಂಚುಗಳು ನೀವು ನೋಡಿಯೇ ಇರುತ್ತೀರಿ.

ಪ್ರಾರ್ಥನೆಯ ಕೋಣೆ ಎಲ್ಲ ದೊಡ್ಡ ಮನೆಗಳಲ್ಲೂ ಇರುತ್ತದೆ. ನಮ್ಮ ದೇವರ ಕೋಣೆಯ ಹಾಗೆ ಅಂದುಕೊಳ್ಳಿ. ಚಿಕ್ಕದಾದರೆ ಮರದ ಕಪಾಟು, ಬಾಗಿಲು ತೆರೆದರೆ ಚಿನ್ನದ ಬಣ್ಣದ ಕೆತ್ತನೆ. ದೊಡ್ಡದಾದರೆ ಪುಟ್ಟ ಇಗರ್ಜಿಯೇ. ಆದರೆ ಅಲ್ಲಿ ಪಾದ್ರಿ ಬಂದು ಪೂಜೆ ಮಾಡಬೇಕಾದರೆ ಚರ್ಚಿನ ಅನುಮತಿ ಬೇಕಿತ್ತು. ಅನುಮತಿ ಸಿಕ್ಕಿತು ಅಂದರೆ ಮನೆತನದ ಅಂತಸ್ತು ಏರಿತು. ಮಡಗಾಂವ್‌ನ ಬೋರ್ಡಾದಲ್ಲಿ 1790ರ ಒಂದು ಮನೆ ಇದೆ, ವೈಸ್‌ರಾಯ್ ಕಾರ್ಯದರ್ಶಿಯಾಗಿದ್ದ ಗೋವಾದವರೊಬ್ಬರು ಕಟ್ಟಿಸಿದ್ದು. ಅದರಲ್ಲೂ ಸ್ವಂತ ಚಾಪೆಲ್ ಇದೆ. ಏಳು ಚೂಪು ಮಾಡುಗಳಿದ್ದವು ಅಂತ ಜನ ಅದನ್ನು "ಸಾತ್ ಬುರ್ಜಾಂ ಘರ್" ಅನ್ನುತ್ತಾರೆ. ಈಗ ಉಳಿದಿರುವುದು ಮೂರೇ. ಹೊರಗಿನಿಂದ ನೋಡಿದರೂ ಸಾಕು.

ಪಿಂಗಾಣಿ ಎಲ್ಲಿಂದ ಬಂತು? ಚೀನಾದಿಂದ, ಮಕಾವ್ ಮೂಲಕ. ಮಕಾವ್ ಕೂಡ ಪೋರ್ಚುಗೀಸರ ಕೈಯಲ್ಲಿತ್ತು, ಹಡಗುಗಳು ಗೋವಾಕ್ಕೆ ಬಂದೇ ಮುಂದೆ ಹೋಗುತ್ತಿದ್ದವು. ಕುರ್ಚಿ, ಮಂಚಗಳು ಮಾತ್ರ ಇಲ್ಲಿನ ಬೀಟೆ, ಸಾಗವಾನಿಯವು. ಮಾದರಿ ಯುರೋಪಿನದು, ಕೆತ್ತಿದ ಕೈ ಇಲ್ಲಿನ ಬಡಗಿಯದು. ಹತ್ತಿರ ಹೋಗಿ ನೋಡಿದರೆ ಯುರೋಪಿನ ಹೂಬಳ್ಳಿಯ ನಡುವೆ ನಮ್ಮ ದೇವಸ್ಥಾನದ ಬಾಗಿಲಲ್ಲಿ ಕಾಣುವಂಥ ಎಲೆ, ಮೊಗ್ಗು ಸಿಗುತ್ತವೆ.

ಒಳಗಿನ ವಸ್ತುಗಳಿಗೆ ಗೈಡು ಹೇಳುವ ಪೋರ್ಚುಗೀಸ್ ಹೆಸರು ಕೇಳುತ್ತಿದ್ದ ಕಾಕು ಒಂದು ಕಡೆ ನಿಂತರು. "ಜನೆಲಾ ಅಂದ್ರ ಕಿಟಕಿ ಏನು? ಕಾರವಾರದ ನಮ್ಮ ವೈನಿ ಜನೇಲು ಅಂತಾಳಲ್ಲ!" ಅಂದರು. ಹೌದು. ಅದೊಂದೇ ಅಲ್ಲ. ಬೀಗದ ಚಾವಿ, ಬಟ್ಟೆಯ ಅಲಮಾರು, ನೀರಿನ ಬಾಲ್ದಿ, ತಿಂಗಳ ಪಗಾರ, ಬಟಾಟೆ, ಪಾದ್ರಿ, ಇಗರ್ಜಿ. ಎಲ್ಲ ಆ ಭಾಷೆಯಿಂದಲೇ ನಮ್ಮಲ್ಲಿಗೆ ಬಂದವು. ಆಮೇಲೆ ಕಾಕುಗೆ ಆ ಮನೆ ಅಷ್ಟು ಪರಕೀಯ ಅನ್ನಿಸಲಿಲ್ಲ.

ತೋಟದಲ್ಲಿ ಸ್ವಲ್ಪ ನಿಲ್ಲಿ

ತೋಟ ನೋಡಬೇಕಾದರೆ ಕೇಪೆಗೆ ಹೋಗಬೇಕು. ಅಲ್ಲಿ ಪಲಾಸಿಯೊ ದೊ ದೆಯಾಂವ್ ಇದೆ. ಅಂದರೆ ಡೀನ್ ಸಾಹೇಬರ ಅರಮನೆ. ಡೀನ್ ಅಂದರೆ ಚರ್ಚಿನ ಒಬ್ಬ ಹಿರಿಯ ಅಧಿಕಾರಿ. ಜುಸೆ ಪಾವ್ಲೊ ಅನ್ನುವ ಪೋರ್ಚುಗೀಸ್ ಪಾದ್ರಿ 1787ರಲ್ಲಿ ಇದನ್ನು ಕಟ್ಟಿಸಿದರು. ಕೇಪೆ ಆಗ ತಾನೇ ಪೋರ್ಚುಗೀಸರ ಕೈಗೆ ಬಂದ ಹೊಸ ಸೀಮೆ. ಊರು ಕಟ್ಟಿದವರೂ ಈ ಪಾದ್ರಿಯೇ. ಹಾಗಾಗಿ ಮನೆಯ ಎದುರಿಗೆ ಇಗರ್ಜಿ, ಹಿಂದೆ ಕುಶಾವತಿ ನದಿ, ನಡುವೆ ತೋಟ. ನಾನು ಮೇಲೆ ಹೇಳಿದ ಲೆಕ್ಕಕ್ಕೆ ಇದು ಹೊರತು, ಇದನ್ನು ಕಟ್ಟಿಸಿದವರು ನಿಜಕ್ಕೂ ಪೋರ್ಚುಗೀಸರು. ಆದರೆ ಪಾಳು ಬಿದ್ದಿದ್ದ ಮನೆಯನ್ನು ಇತ್ತೀಚೆಗೆ ಎತ್ತಿ ನಿಲ್ಲಿಸಿದವರು ಗೋವಾದ ಒಂದು ದಂಪತಿ.

ಹಳೇ ತೋಟದ ಗಿಡಗಳನ್ನು ಎರಡು ಗುಂಪು ಮಾಡಿ ನೋಡಿ. ಊರಿನವು ಒಂದು, ಹಡಗಿನಲ್ಲಿ ಬಂದವು ಇನ್ನೊಂದು. ಹಲಸು, ಮುರುಗಲು, ಮೆಣಸಿನ ಬಳ್ಳಿ ಇಲ್ಲಿನವು. ಗೇರು, ಅನಾನಸ್, ಪೇರಲ, ಪರಂಗಿ, ಸೀತಾಫಲ, ಹಸಿಮೆಣಸಿನಕಾಯಿ ಇವೆಲ್ಲ ಅಮೆರಿಕ ಖಂಡಗಳಿಂದ ಬಂದವು. ಗೇಟಿನ ಮೇಲೆ ಹಬ್ಬಿರುವ ಬೋಗನ್‌ವಿಲ್ಲ ಕೂಡ ಅಲ್ಲಿಯದೇ. ಪರಂಗಿ ಹಣ್ಣು ಅಂತ ನಾವು ಯಾಕೆ ಕರೆಯುತ್ತೇವೆ? ಪರಂಗಿಯವರ, ಅಂದರೆ ಯುರೋಪಿನವರ ಹಣ್ಣು ಅಂತ. ಹೆಸರಿನಲ್ಲೇ ವಿಳಾಸ ಇದೆ. ಮೆಣಸಿನಕಾಯಿಯ ಕತೆ ಇನ್ನೂ ತಮಾಷೆ. ಬ್ಯಾಡಗಿಯವರ ಎದುರು "ಇದು ನಮ್ಮದಲ್ಲ" ಅಂತ ಹೇಳಿ ನೋಡಿ!

ಮಾವಿನ ಮರ ಮಾತ್ರ ಈ ಎರಡು ಗುಂಪಿನ ನಡುವೆ ನಿಲ್ಲುತ್ತದೆ. ಮರ ಇಲ್ಲಿನದು, ವಿದ್ಯೆ ಹೊರಗಿನದು. ಮಾವಿನ ಓಟೆ ನೆಟ್ಟರೆ ತಾಯಿ ಮರದ್ದೇ ರುಚಿ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಆದ ಹಾಗೆ. ರುಚಿ ಹಾಗೇ ಉಳಿಯಬೇಕಾದರೆ ಒಳ್ಳೆಯ ಮರದ ರೆಂಬೆಯನ್ನು ಇನ್ನೊಂದು ಸಸಿಯ ಕಾಂಡಕ್ಕೆ ಸೇರಿಸಿ ಕಟ್ಟಬೇಕು. ಎರಡೂ ಕೂಡಿಕೊಂಡು ಒಂದೇ ಗಿಡ ಆಗುತ್ತದೆ. ಇದೇ ಕಸಿ. ಗೋವಾದಲ್ಲಿ ಮಾವಿನ ಕಸಿಯನ್ನು ಹಬ್ಬಿಸಿದ ಹೆಸರು ಪೋರ್ಚುಗೀಸ್ ಪಾದ್ರಿಗಳಿಗೆ ಸೇರಿದೆ. ಆಪೂಸು ಅನ್ನುವ ಹೆಸರು ಅಫೊನ್ಸು ಅನ್ನುವ ಪೋರ್ಚುಗೀಸ್ ಹೆಸರಿನಿಂದ ಬಂದದ್ದು. ಆದರೆ ಗೋವಾದವರನ್ನು ಕೇಳಿದರೆ ಆಪೂಸಿಗಿಂತ ಮಾನ್ಕುರಾದ್ ಮೇಲು ಅನ್ನುತ್ತಾರೆ. ಆ ಹೆಸರಿನ ಮೂಲ "ಮಾಲ್‌ಕೊರಾದ", ಅಂದರೆ ಬಣ್ಣ ಸರಿಯಿಲ್ಲದ್ದು. ಸಿಪ್ಪೆ ನೋಡಿ ಹೆಸರಿಟ್ಟವರು ತಿಂದು ನೋಡಿರಲಿಲ್ಲವೋ ಏನೋ. ಧಾರವಾಡದ ಆಪೂಸು ತಿಂದು ಬೆಳೆದ ಕಾಕಾ ಈ ವಾದವನ್ನು ಒಪ್ಪಿಲ್ಲ.

ಇಷ್ಟೊಂದು ಮನೆಗೆ ಬೀಗ ಯಾಕೆ?

ಚಾಂದೋರ್, ಲೊಟ್ಲಿ, ಕುಡ್ತರಿ ಕಡೆ ಸುತ್ತಿದರೆ ತೆರೆದ ಒಂದು ಬಂಗಲೆಗೆ ಬೀಗ ಹಾಕಿದ ಎಷ್ಟೋ ಕಾಣುತ್ತವೆ. ಮಾಡು ಕುಸಿದು, ಒಳಗೆ ಆಲದ ಗಿಡ ಬೆಳೆದದ್ದೂ ಉಂಟು. "ಇಷ್ಟು ಬೆಲೆ ಬಾಳುವ ಜಾಗ, ಮಾರಬಾರದಾ?" ಅಂತ ಕಾಕಾ ಕೇಳಿದರು. ಇದಕ್ಕೆ ಎರಡು ಕಾನೂನು ತಿಳಿಯಬೇಕು.

ಒಂದು, ಜಮೀನಿನದು. ಈ ಮನೆಗಳನ್ನು ಸಾಕುತ್ತಿದ್ದದ್ದು ಗೇಣಿ ಭತ್ತ ಮತ್ತು ತೆಂಗು. 1961ರಲ್ಲಿ ಗೋವಾ ಭಾರತಕ್ಕೆ ಸೇರಿತು. 1964ರಲ್ಲಿ ಗೇಣಿದಾರರಿಗೆ ರಕ್ಷಣೆ ಕೊಡುವ ಕಾನೂನು ಬಂತು. 1976ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ಉಳುವವರೇ ಜಮೀನಿನ ಒಡೆಯರಾಗುವ ದಾರಿ ತೆರೆಯಿತು. ನಮ್ಮಲ್ಲಿ ದೇವರಾಜ ಅರಸರ ಕಾಲದ "ಉಳುವವನೇ ಹೊಲದೊಡೆಯ" ನೆನಪಿದ್ದರೆ ಇದು ಕೂಡಲೇ ಅರ್ಥವಾಗುತ್ತದೆ. ಭಾಟ್ಕಾರನ ತೋಟದಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಮುಂಡ್ಕಾರ ಅನ್ನುತ್ತಿದ್ದರು. ಅವರನ್ನು ಎಬ್ಬಿಸಬಾರದು ಅಂತ 1975ರಲ್ಲಿ ಇನ್ನೊಂದು ಕಾನೂನು ಬಂತು. ತಲೆಮಾರುಗಳಿಂದ ದುಡಿದವರಿಗೆ ನೆಲೆ ಸಿಕ್ಕಿತು. ಬಂಗಲೆಗೆ ಬರುವ ಆದಾಯ ನಿಂತಿತು. ಮನೆ ಉಳಿಯಿತು, ಅದನ್ನು ನಡೆಸುವ ಗದ್ದೆ ಹೋಯಿತು.

ಎರಡು, ಪಾಲಿನದು. ಗೋವಾದಲ್ಲಿ ಪೋರ್ಚುಗೀಸರ ಸಿವಿಲ್ ಕಾನೂನು 1870ರಿಂದ ಇದೆ. ಹಿಂದೂ, ಕ್ರೈಸ್ತ, ಮುಸ್ಲಿಂ ಎಲ್ಲರಿಗೂ ಬಹುಮಟ್ಟಿಗೆ ಒಂದೇ. ಪಾಲಿನ ನಿಯಮಗಳು ಈಗ ಗೋವಾದ್ದೇ ಹೊಸ ಕಾಯ್ದೆಯಲ್ಲಿವೆ, ತಿರುಳು ಅದೇ. ಮದುವೆಯಾದರೆ, ಬೇರೆ ಕರಾರು ಇಲ್ಲದಿದ್ದರೆ, ಗಂಡ ಹೆಂ‍ಡತಿಗೆ ಆಸ್ತಿ ಅರ್ಧ ಅರ್ಧ. ಅಪ್ಪ ಅಮ್ಮ ತಮ್ಮ ಆಸ್ತಿಯಲ್ಲಿ ಅರ್ಧವನ್ನು ಮಾತ್ರ ಇಷ್ಟ ಬಂದವರಿಗೆ ಬರೆಯಬಹುದು. ಉಳಿದ ಅರ್ಧ ಮಕ್ಕಳಿಗೆ ಸಮಪಾಲು, ಗಂಡು ಹೆಣ್ಣು ಭೇದವಿಲ್ಲ. ನ್ಯಾಯವಾದ ಮಾತು. ಆದರೆ ಮನೆಯನ್ನು ಹೋಳಿಗೆಯ ಹಾಗೆ ಕತ್ತರಿಸಲು ಆಗುವುದಿಲ್ಲ. ನಾಲ್ಕು ಮಕ್ಕಳು, ಅವರಿಗೆ ನಾಲ್ಕು ನಾಲ್ಕು ಮಕ್ಕಳು ಅಂದುಕೊಳ್ಳಿ. ಎರಡು ತಲೆಮಾರಿಗೆ ಹದಿನಾರು ಪಾಲುದಾರರು. ಜೊತೆಗೆ ಗಂಡ ಹೆಂಡಂದಿರು. ಒಬ್ಬರು ಲಿಸ್ಬನ್ನಿನಲ್ಲಿ, ಒಬ್ಬರು ಟೊರಾಂಟೊದಲ್ಲಿ, ಒಬ್ಬರು ಮುಂಬೈಯಲ್ಲಿ. ಮಾರಲು ಎಲ್ಲರ ಸಹಿ ಬೇಕು. ಮಾಡು ರಿಪೇರಿಗೆ ಹಣ ಹಾಕಲು ಯಾರಿಗೂ ಮನಸ್ಸಿಲ್ಲ, ಯಾಕೆಂದರೆ ತನ್ನದು ಹದಿನಾರರಲ್ಲಿ ಒಂದು. ನಡುವೆ ಮೂರು ಮಳೆಗಾಲ ಕಳೆದರೆ ಹೆಂಚು ಜಾರುತ್ತದೆ, ತೊಲೆಗೆ ನೀರು ಇಳಿಯುತ್ತದೆ. ಮುಂದಿನದು ಗೆದ್ದಲಿನ ಕೆಲಸ.

ಬೀಗ ಹಾಕುವುದು, ಮಾರುವುದು, ಹೋಟೆಲ್ ಮಾಡುವುದು, ಇಲ್ಲವೇ ಜನರಿಗೆ ತೆರೆದು ತೋರಿಸುವುದು. ದಾರಿ ಇಷ್ಟೇ ಇರುವುದು. ತೋರಿಸುವವರು ಕೇಳುವ ಹಣದಲ್ಲಿ ಹೆಂಚು, ಸುಣ್ಣ, ಗೆದ್ದಲಿನ ಔಷಧಿ, ದೂಳು ಒರೆಸುವವರ ಪಗಾರ ಎಲ್ಲ ನಡೆಯಬೇಕು.

ಹೋಗುವವರಿಗೆ

ಮೊದಲು ಬಾರ್ದೇಶದ ತೊರ್ಡಾದಲ್ಲಿರುವ "ಹೌಸಸ್ ಆಫ್ ಗೋವಾ" ಮ್ಯೂಸಿಯಂ ನೋಡಿದರೆ ಒಳ್ಳೆಯದು. ವಾಸ್ತುಶಿಲ್ಪಿ ಜೆರಾರ್ಡ್ ದ ಕುನ್ಹಾ ಹಡಗಿನ ಆಕಾರದಲ್ಲಿ ಕಟ್ಟಿದ್ದು. ಬಾಗಿಲು, ಕಿಟಕಿ, ಹೆಂಚು ಬಿಡಿಬಿಡಿಯಾಗಿ ಅಲ್ಲಿ ಸಿಗುತ್ತವೆ. ಆದರೆ ಅದು ಉತ್ತರ ಗೋವಾ. ಮಡಗಾಂವ್‌ನಲ್ಲಿ ಉಳಿದವರಿಗೆ ದೂರ. ಚಾಂದೋರ್ ಮಡಗಾಂವ್‌ನಿಂದ ಸುಮಾರು 13 ಕಿಲೋಮೀಟರ್, ಕೇಪೆಯೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಒಂದೇ ದಿನ ಆಗುತ್ತದೆ. ಲೊಟ್ಲಿಯಲ್ಲೂ ನೋಡಲು ತೆರೆದ ಹಳೇ ಮನೆಗಳಿವೆ. ಒಂದೇ ದಿನ ಮೂರು ಮನೆ ಮಾತ್ರ ಬೇಡ, ಮೂರನೆಯದರಲ್ಲಿ ಎಲ್ಲ ಕುರ್ಚಿಯೂ ಒಂದೇ ತರ ಕಾಣುತ್ತವೆ.

ಹೊರಡುವ ಮುನ್ನ ಫೋನ್ ಮಾಡಿ. ಮನೆಯವರಿಗೆ ಮದುವೆ, ಹಬ್ಬ, ಜ್ವರ ಎಲ್ಲ ಇರುತ್ತದೆ. ಬರೀ ಟಿಕೆಟ್ಟಿನ ಮನೆಯಲ್ಲ, ಕೆಲವು ಕಡೆ ದೇಣಿಗೆ ಅನ್ನುತ್ತಾರೆ. ಎಷ್ಟು ಅಂತ ಬಾಗಿಲಲ್ಲೇ ಕೇಳಿಬಿಡಿ, ಆಮೇಲೆ ಮುಜುಗರ ಇರುವುದಿಲ್ಲ. ಚಾಂದೋರ್‌ನಲ್ಲಿ ಎರಡು ಭಾಗಕ್ಕೂ ಬೇರೆ ಬೇರೆ ಕೊಡಬೇಕು, ಎರಡು ಬೇರೆ ಸಂಸಾರ. ಫೋಟೋ ತೆಗೆಯಲು ಕೆಲವರು ಬಿಡುವುದಿಲ್ಲ. ಕುರ್ಚಿಯಲ್ಲಿ ಕೂರಬೇಡಿ, ದೊರೆ ಕೊಟ್ಟದ್ದಾಗಲಿ ಅಲ್ಲದ್ದಾಗಲಿ. ಮುಚ್ಚಿದ ಬಾಗಿಲ ಆಚೆ ಮಲಗುವ ಕೋಣೆ ಇರುತ್ತದೆ.

ಮುಖ್ಯವಾಗಿ ಬೆಳಿಗ್ಗೆ ಹೋಗಿ. ಮಧ್ಯಾಹ್ನ ಊಟವಾದ ಮೇಲೆ ಗೋವಾ ಮಲಗುತ್ತದೆ, ಅಂಗಡಿಯೂ ಮುಚ್ಚಿರುತ್ತದೆ. ಸಾಲಾದಲ್ಲಿ ನಿಂತಿರುವಾಗ ಒಳಗಿನಿಂದ ಮೂರು ಸೀಟಿ ಕೇಳಿಸಿತು ಅಂದರೆ ಹೊರಡುವ ಹೊತ್ತಾಯಿತು ಅಂತ ತಿಳಿಯಿರಿ.